ಮೈಲಾರನ ನಾಯಿಯ ಪಾತ್ರ

ಲೀಲಾಬಾಯಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ದೇವರ ಭಕ್ತರ ಮೇಲೆ ಅಷ್ಟೇ ಸಿಟ್ಟು. ಔರಾದ ಕಡೆಯ ಸಂತಪುರದ ಶಾಲೆಯಲ್ಲಿ ಅಕ್ಕೋರಾಗಿ ಜೀವ ಸವೆಸಿ, ನಿವೃತ್ತಿಯಾದ ಮೇಲೆ ಬೀದರದಲ್ಲಿ ತನ್ನ ಓಣಿಯ ಗುಡಿಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಮೊದಲು ಪ್ರಾಣಿ, ಆಮೇಲೆ ದೇವರು. ಇಲಿಗೆ ಬೆನ್ನು ನೋವು ಬಂದ ಮೇಲೆ ಗಣಪತಿ, ನವಿಲು ಮುನಿಸಿಕೊಂಡ ಮೇಲೆ ಷಣ್ಮುಖ. "ಕೂಸಿಗೆ ಕೈಲಾಸ ಏನ್ ಗೊತ್ರಿ? ಇಲಿ ಗೊತ್ತು, ನಾಯಿ ಗೊತ್ತು" ಎನ್ನುವಳು.

ಗುಡಿಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ವೇಷ ಹಾಕಿಸುವುದೆಂದು ಠರಾವಾಯಿತು. ತಗೋ, ಅಪ್ಪ-ಅಮ್ಮಂದಿರ ತಲೆ ಕೆಟ್ಟಿತು. ಎಲ್ಲರ ಮಗನೂ ಗಣಪತಿ, ಎಲ್ಲರ ಮಗಳೂ ದುರ್ಗಿ! ಇಲಿಯಾಗಲು ಒಬ್ಬರಿಲ್ಲ, ಹುಲಿಯಾಗಲು ಒಬ್ಬರಿಲ್ಲ. ದೇವರುಗಳೆಲ್ಲ ನಡೆದುಕೊಂಡೇ ಬರಬೇಕು, ಥೂ!

ಮೈಲಾರ ಮಲ್ಲಣ್ಣನ ಬೆನ್ನು ಬಿಡದ ನಾಯಿಗಳಾಗಲು ಮಾತ್ರ ಎರಡು ಮಕ್ಕಳು ತಾವಾಗಿಯೇ ಮುಂದೆ ಬಂದವು: ವಿನೀತ, ಅವನ ಗೆಳತಿ ವರದಾ. ವಿನೀತ ನಾಲ್ಕು ಜನರೆದುರು ಬಾಯಿ ಬಿಡದ ಹುಡುಗ. ಬೊಗಳು ಎಂದರೆ ಮಾತ್ರ ಗುಡಿ ಹಾರಿಹೋಗುವಂತೆ ಬೊಗಳುತ್ತಿದ್ದ. ಈ ಪಾತ್ರ ಕಸಿದರೆ ಹುಡುಗ ಮತ್ತೆ ಮೂಲೆ ಸೇರುತ್ತಾನೆಂದು ಲೀಲಾಬಾಯಿಗೆ ಗೊತ್ತಿತ್ತು.

ಕಸಿಯಲು ಅವನ ಅಪ್ಪ ನಿತಿನನೇ ಬಂದ. ಗಾಂಧಿ ಗಂಜದ ಕಾಳಿನ ಪೇಟೆಯಲ್ಲಿ ತೊಗರಿ ದಲಾಲಿಯ ಅಡತಿ ಅಂಗಡಿ, ಕೊರಳಲ್ಲಿ ಬಂಗಾರದ ಸರ, ಗುಡಿಯೊಳಗೂ ಬಾಯಲ್ಲಿ ಗುಟ್ಕಾ. ಭಾಲ್ಕಿಯಿಂದ ಬಂದಿದ್ದ ಅವನ ಅವ್ವ ಗುಂಡಮ್ಮ ಜೊತೆಗಿದ್ದಳು.

"ಅಕ್ಕೋರ, ನನ್ನ ಮಗ ನಾಯಿ ಆಗಬೇಕೇನ್ರಿ? ಗಂಜದಾಗ ನನ್ನ ಇಜ್ಜತ್ ಏನಾಗಬೇಕು? ಅವನ್ನ ಮೈಲಾರ ಮಾಡ್ರಿ. ಕುದುರಿ ನಾನ ತರಸ್ತೇನಿ."

"ದೇವರಾಗೋರು ರಗಡ ಅದಾರ್ರಿ. ನಾಯಿ ಆಗೋ ಯೋಗ್ಯತಿ ಇದ್ದೋರ ಕಡಿಮಿ" ಎಂದಳು ಲೀಲಾಬಾಯಿ.

ಗುಂಡಮ್ಮ ಮಗನ ತೋಳು ಹಿಡಿದು ಜಗ್ಗಿದಳು. "ಏ ನಿತಿನ, ನೀ ಹುಟ್ಟಲಿ ಅಂತ ನಿಮ್ಮಪ್ಪ ಖಾನಾಪುರದ ಮೈಲಾರನ ಮುಂದ ನಾಯಿ ಹಾಂಗ ಬೊಗಳ್ಯಾನ. ನೆಲದ ಮ್ಯಾಲಿನ ಬಟ್ಟಲಕ್ಕ ಬಾಯಿ ಹಚ್ಚಿ ಉಂಡಾನ. ಆ ಹರಕಿ ಕೂಸು ನೀ."

ಈಗಲಾದರೂ ನಾಚಿಕೆಯಾದೀತೆಂದು ಲೀಲಾಬಾಯಿ ಕಾದಳು. ನಾಚಿಕೆ ಎಲ್ಲಿಯದು! ನಿತಿನ ಎದೆ ಉಬ್ಬಿಸಿದ. "ಹಾಂಗಾದ್ರ ನಾಯಿ ಪಾತ್ರ ನಮ್ಮ ಮನೆತನದ ಹಕ್ಕ ಆತಲ್ರಿ! ಆ ವರದಾಳ್ನ ತಗೀರಿ. ನಮ್ಮ ವಿನೀತ ಒಬ್ಬನ ನಾಯಿ ಆಗ್ಲಿ."

ಲೀಲಾಬಾಯಿಗೆ ಮೈಯೆಲ್ಲ ಉರಿಯಿತು. ಇಂಥವರ ಕೈಗೆ ಸಿಕ್ಕರೆ ನಾಯಿಗೂ ಗದ್ದುಗೆ, ನಾಯಿಗೂ ಮಾನಪಾನ! "ಭೇಷ್" ಎಂದಳು. "ಹಕ್ಕ ನಿಮ್ದಂದ್ರ ಮೊದಲ ನೀವ ಬೊಗಳ್ರಿ. ನಿಮ್ಮಪ್ಪ ಬೊಗಳ್ಯಾನ, ನಿಮ್ಮ ಮಗ ಬೊಗಳ್ತಾನ. ನಡುವ ನೀವ್ಯಾಕ ಸುಮ್ನ?"

ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಂಜದಲ್ಲಿ ದಿನವಿಡೀ ಕೂಗಾಡಿ ಹಮಾಲರ ಕಿವಿ ಹರಿಯುವ ಗಂಡಸು ಬಾಯಿ ತೆರೆದ, ಮುಚ್ಚಿದ, ಕೆಮ್ಮಿದ. ಒಂದು 'ಬೌ' ಹೊರಡಲಿಲ್ಲ.

ಅಪ್ಪನ ಮುಖವನ್ನೇ ಆಸೆಯಿಂದ ನೋಡುತ್ತಿದ್ದ ವಿನೀತ ಹತ್ತಿರ ಬಂದು ಅವನ ಬೆರಳು ಹಿಡಿದುಕೊಂಡ. ಎಲ್ಲರಿಗೂ ಕೇಳುವಂತೆ, ಪಾಪ, ಪ್ರೀತಿಯಿಂದಲೇ ಹೇಳಿದ:

"ಇರ್ಲಿ ಬಿಡು ಪಪ್ಪಾ, ನಿನಗ ಬರಂಗಿಲ್ಲ. ನಾನು, ವರದಾ ನಾಯಿ ಆಗ್ತೇವಿ. ನೀ ದೇವರಾಗು."