ನಾರ್ವೆಯಲ್ಲಿ ಎತ್ತಿದ ಕರೆ

ದುಬೈಯ ಮಿರ್ದಿಫ್‌ನಲ್ಲಿ ಜೂನ್ ಬಂತೆಂದರೆ ನಾವು ಮನುಷ್ಯರಲ್ಲ, ಫ್ರಿಜ್ಜಿನೊಳಗಿನ ತರಕಾರಿ. ಮನೆಯ ಏಸಿಯಿಂದ ಕಾರಿನ ಏಸಿಗೆ, ಅಲ್ಲಿಂದ ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಏಸಿಗೆ. ಕಿಟಕಿ ತೆರೆದು ಎಷ್ಟು ತಿಂಗಳಾಯಿತೋ ದೇವರಿಗೇ ಗೊತ್ತು. ಬಿಡುಗಡೆಯೆಂದರೆ ಬೇಸಿಗೆಯ ರಜೆ, ಅದೂ ಒಬ್ಬರಿಗೆ ವರ್ಷಕ್ಕೆ ಒಂದೇ ಸರದಿ. ಹದಿನಾಲ್ಕು ವರ್ಷ ಆ ಸರದಿಯೆಲ್ಲ ಉಡುಪಿಗೇ ಹೋಯಿತು. ಊರಿಗೆ ಹೋದರೆ ಅದು ರಜೆಯೇ? ಯಾರ ಮನೆಗೆ ಮೊದಲು ಹೋದೆವು, ಯಾರಿಗೆ ಬಾದಾಮಿ ಕೊಟ್ಟೆವು, ಯಾರಿಗೆ ಬರೀ ಸೋಪು ಕೊಟ್ಟೆವು ಎಂಬ ವಿಚಾರಣೆಯಲ್ಲೇ ಮುಗಿಯುತ್ತದೆ.

ಹೋದ ವರ್ಷ ಮಗಳು ಹಟ ಹಿಡಿದಳು, ನನ್ನ ಗಂಡನೂ ಅವಳ ಪಕ್ಷ ಸೇರಿದರು. ಆರು ದಿನ ನಾರ್ವೆ. ವೀಸಾ ಆಯಿತು, ಟಿಕೆಟ್ ಆಯಿತು, ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಮಾಲ್‌ಗೆ ಹೋಗಿ ಉಣ್ಣೆಯ ಟೊಪ್ಪಿ ಕೊಂಡದ್ದೂ ಆಯಿತು. ಆಗ ಉಡುಪಿಯಿಂದ ಅಕ್ಕನ ಫೋನು ಬಂತು. ಗರ್ಭಕೋಶದ ಆಪರೇಷನ್ ಆಗಬೇಕಂತೆ, ಹತ್ತು ದಿನ ಬಂದು ಜೊತೆಗಿರುತ್ತೀಯಾ ಎಂದು ಕೇಳಿದಳು. ಅಕ್ಕ ಅಲ್ಲಿಯವರೆಗೆ ನನ್ನಿಂದ ಏನನ್ನೂ ಕೇಳಿದವಳಲ್ಲ. ನನ್ನ ಬಾಣಂತನಕ್ಕೆ ಬಂದು ಮೂರು ತಿಂಗಳು ಇದೇ ಫ್ಲ್ಯಾಟಿನಲ್ಲಿ ಕೂತವಳು. ಅವಳಿಗೆ ನಾನು ಬಾಯಿ ತೆರೆದು ಹೇಳಿದ್ದೇನು? ಈ ವರ್ಷ ರಜೆ ಸಿಗಲಿಲ್ಲ ಅಕ್ಕ, ಎಂದೆ. ಪಾಪಿ ನಾನು. ಅಡ್ಡಿ ಇಲ್ಲ ಬಿಡು, ಎಂದಳು ಅವಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಮ್ಮನೆ ಅಲ್ಲ. ವಿಮಾನ ಹತ್ತಿದಾಗಿನಿಂದ ಮಗಳ ಕಾವಲು ಕಾಯುವುದೇ ನನ್ನ ಪ್ರವಾಸವಾಯಿತು. ಫೋಟೋ ಹಾಕಬೇಡ, ಸ್ಟೇಟಸ್ ಹಾಕಬೇಡ, ಊರಿನ ಗ್ರೂಪಿಗಂತೂ ಬೇಡವೇ ಬೇಡ. "ಅಮ್ಮಾ, ಆರ್ ವಿ ಹೈಡಿಂಗ್?" ಎಂದು ಕೇಳಿದಳು. ಫೋನು ಇತ್ತ ಕೊಡು ಎಂದೆ. ಎತ್ತ ನೋಡಿದರೂ ನೀರು, ಬೆಟ್ಟ, ತಣ್ಣನೆಯ ಗಾಳಿ. ಅಷ್ಟು ಬಯಲಿನಲ್ಲೂ ಮುಚ್ಚಿದ ಕಿಟಕಿಯ ಹಿಂದೆ ಕೂತ ಹಾಗೆ ನನಗೆ ಉಸಿರು ಕಟ್ಟುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನಲ್ಲಿ ದೋಣಿಯ ಮೇಲಿದ್ದೆವು. ಫೋನು ಬಡಿದುಕೊಂಡಿತು. ಅಕ್ಕನ ವಾಟ್ಸಾಪ್ ವಿಡಿಯೋ ಕರೆ. ದುಬೈಯಲ್ಲಿ ವಾಟ್ಸಾಪ್ ಕರೆ ರಿಂಗೇನೋ ಆಗುತ್ತದೆ, ಮಾತು ಮಾತ್ರ ಮಾಫಿ, ಒಂದಕ್ಷರವೂ ಕೇಳಿಸದು. ಅಕ್ಕನಿಗೂ ಅದು ಗೊತ್ತು. ಅವಳು ಹಾಗೆ ಮಾಡಿದರೆ, ಪುರುಸೊತ್ತಾದಾಗ ನೀನೇ ಮಾಡು ಎಂದರ್ಥ. ಕೆಂಪು ಒತ್ತಿದರೆ ಅವಳಿಗೆ ಬೇಸರವೆಂದು ನಾನು ಹಸಿರು ಒತ್ತಿ, ಅದು ತಾನಾಗಿ ಸಾಯುವ ತನಕ ಬಿಟ್ಟು, ಆಮೇಲೆ ಬೇರೆ ಆ್ಯಪಿನಿಂದ ಮಾತಾಡುವುದು. ವರ್ಷಗಳ ಅಭ್ಯಾಸ. ದುಬೈ ಬಿಟ್ಟು ಬಂದದ್ದು ಬೆರಳಿಗೆ ಗೊತ್ತಿರಲಿಲ್ಲ, ಹಸಿರು ಒತ್ತಿಬಿಟ್ಟಿತು. ಅಕ್ಕ ಎದುರಿಗೇ ಬಂದಳು.

ಅವಳೂ ಬೆಚ್ಚಿದಳು. ನನ್ನ ಉಣ್ಣೆಯ ಟೊಪ್ಪಿ, ಹಿಂದೆ ಸುರಿಯುವ ಜಲಪಾತ, ಕಂಬಿ ಹಿಡಿದು ಕುಣಿಯುವ ಮಗಳು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ದೋಣಿಯಲ್ಲಿ ಎಲ್ಲಿಗೆ ಓಡುವುದು? ಎಲ್ಲಿದ್ದೀ ಎಂದು ಅವಳು ಕೇಳಲೇ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಹಗುರಾಗುತ್ತಿದ್ದೆ.

"ಚಳಿ ಉಂಟಾ ಅಲ್ಲಿ?" ಎಂದಳು.

"ಉಂಟು ಅಕ್ಕ."

"ಮಗುವಿನ ಕಿವಿ ಮುಚ್ಚು ಮಾರಾಯ್ತಿ, ಗಾಳಿ ಹೊಡೀತದೆ." ಮತ್ತೆ ಹೇಳಿದಳು, "ನಾನು ಫೋನ್ ಮಾಡಿದ್ದು ಎಂತಕ್ಕೆ ಅಂದ್ರೆ, ಡಾಕ್ಟ್ರತ್ರ ಹೇಳಿ ಆಪರೇಷನ್ ಮುಂದಿನ ತಿಂಗಳಿಗೆ ಹಾಕಿಸಿದೆ. ಅಷ್ಟರೊಳಗೆ ನಿಂಗೆ ರಜೆ ಸಿಗ್ತದೋ ಏನೋ ಅಂತ."

ದುಬೈಗೆ ಮರಳಿದ ಮರುದಿನವೇ ಮ್ಯಾನೇಜರರ ಮುಂದೆ ನಿಂತು ಹತ್ತು ದಿನ ಕೇಳಿದೆ. ಅವರು ರಜೆಯ ಪಟ್ಟಿಯನ್ನು ನನ್ನತ್ತ ತಿರುಗಿಸಿದರು. ನನ್ನ ಸರದಿ ಖಲಾಸ್. ಸಂಬಳ ಹಿಡಿದುಕೊಂಡಾದರೂ ಬಿಡಿ ಎಂದೆ. ಇಬ್ಬರು ಆಗಲೇ ಊರಿಗೆ ಹೋಗಿದ್ದಾರೆ, ಆಗದು ಎಂದರು. ಮಾಡಿದ್ದುಣ್ಣೋ ಮಹರಾಯ.

ಸಂಜೆ ಅಕ್ಕನಿಗೆ ಫೋನು ಮಾಡಿದೆ. "ರಜೆ ಸಿಗಲಿಲ್ಲ ಅಕ್ಕ," ಎಂದೆ. ಅದೇ ಮಾತು, ಈ ಸಲ ನಿಜ.

"ಅಡ್ಡಿ ಇಲ್ಲ ಬಿಡು," ಎಂದಳು, ಹಿಂದಿನ ಸಲದ ಹಾಗೆಯೇ. ನಂಬಿದಳೋ ಇಲ್ಲವೋ, ಕೇಳಲು ನನಗೆ ಮುಖವಿರಲಿಲ್ಲ.