ಒಂದು ಒತ್ತಕ್ಷರದ ದೂರ

ಬೀದಿಯವರು ಅವನನ್ನು ಗರಿಗರಿ ಎಂದೇ ಕರೆಯುತ್ತಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟವರು ಚಪ್ಪಲಿ ಹಾಕಿಕೊಳ್ಳಲು ಬಗ್ಗುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು, ಅಷ್ಟು ಖಡಕ್ಕು. ಅವನು ಮಾತ್ರ ಸುಕ್ಕುಸುಕ್ಕಾದ ಬನಿಯನ್ನಿನಲ್ಲಿ ನಿಂತಿರುತ್ತಿದ್ದ. "ಬೀದಿಯೋರ ಸುಕ್ಕೆಲ್ಲ ಎಲ್ಲಾದ್ರೂ ಹೋಗ್ಬೇಕಲ್ಲ ಸ್ವಾಮಿ" ಎನ್ನುತ್ತಿದ್ದ.

ಅವನ ಇಸ್ತ್ರಿ ಅಂಗಡಿಯ ಮಹಡಿಗೆ ಸಂಗೀತದ ಮೇಡಂ ಒಬ್ಬರು ಬಾಡಿಗೆಗೆ ಬಂದ ಮೇಲೆ ತಾಪತ್ರಯ ಶುರುವಾಯಿತು. ಮೇಲೆ ಹಾರ್ಮೋನಿಯಂ ಪೆಟ್ಟಿಗೆ, ಕೆಳಗೆ ಇಸ್ತ್ರಿ ಪೆಟ್ಟಿಗೆ. ಅಲ್ಲಿ ಒತ್ತಿದರೆ ಸ್ವರ, ಇಲ್ಲಿ ಒತ್ತಿದರೆ ಗೆರೆ. ಒಂದು ಮಧ್ಯಾಹ್ನ ಮೇಡಂ ಅವರ ಶಿಷ್ಯೆಯೊಬ್ಬಳು ಯಾವುದೋ ಹಳೆಯ ಜೋಗುಳದ ಧಾಟಿ ನುಡಿಸತೊಡಗಿದಳು. ಅರ್ಧದಲ್ಲಿ ಎಡವಿದಳು, ಮತ್ತೆ ಮೊದಲಿನಿಂದ ಹಿಡಿದಳು.

ಗರಿಗರಿಯ ಕೈ ನಿಂತಿತು. ಆ ಧಾಟಿ ಅವನಿಗೆ ಗೊತ್ತಿತ್ತು. ಅರ್ಧಕ್ಕೇ ನಿಲ್ಲುವುದೂ ಗೊತ್ತಿತ್ತು. ಅಡುಗೆಮನೆಯ ಸೋಪಿನ ವಾಸನೆ, ತೊಟ್ಟಿಗೆ ತಗಲುವ ಪಾತ್ರೆಯ ಸದ್ದು, ಮೂಗಿನವರೆಗೂ ಹೊದ್ದು ಮಲಗಿದ ಪುಟ್ಟ ತಾನು, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಜೊತೆಗೆ ಸುಟ್ಟ ವಾಸನೆಯೂ ಬಂತು. ಅದು ನೆನಪಿನದಲ್ಲ, ಬ್ಯಾಂಕ್ ಮ್ಯಾನೇಜರರ ಪ್ಯಾಂಟಿನದು.

ಮ್ಯಾನೇಜರರು ಬೈಯುವಷ್ಟು ಬೈದು ಹೋದರು. ಗರಿಗರಿಗೆ ಅದರ ಪರಿವೆಯೇ ಇರಲಿಲ್ಲ. ಬಟ್ಟೆ ಸುತ್ತುವ ಪೇಪರಿನ ಅಂಚಿನಲ್ಲಿ ಅವನು ಬದುಕಿನ ಮೊದಲ ಕವಿತೆ ಬರೆಯುತ್ತಿದ್ದ.

ಅಮ್ಮ ಹಾಡುತ ಪಾತ್ರೆ ತಿಕ್ಕಲು
ಸಂಜೆ ಸೋರಿತು ನೀರಿಗೆ…

ಬರುವ ಭಾನುವಾರ ಬೀದಿಯ ವಾಚನಾಲಯದಲ್ಲಿ ಕವಿತೆ ಓದುವ ಕಾರ್ಯಕ್ರಮವಿತ್ತು. "ನೀನೂ ಓದಯ್ಯ, ಪ್ರತಿ ವರ್ಷ ಅದೇ ನಾಲ್ಕು ಜನರನ್ನ ಕೇಳಿ ಕುರ್ಚಿಗಳಿಗೂ ಬೇಜಾರಾಗಿದೆ" ಎಂದು ಲೈಬ್ರರಿಯನ್ ಅವನನ್ನೂ ಸೇರಿಸಿಕೊಂಡರು. ಅದಕ್ಕೆ ಮೊದಲು ಅಕ್ಕನಿಗೊಮ್ಮೆ ಕೇಳಿಸಬೇಕೆಂದು ಗರಿಗರಿ ಎರಡು ಬೀದಿ ದಾಟಿ ಅವಳ ಮನೆಗೆ ಹೋದ. ಅಮ್ಮನನ್ನು ಕಂಡವರಲ್ಲಿ ತನ್ನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ.

ಅಕ್ಕ ಬಟಾಣಿ ಸುಲಿಯುತ್ತ ಕೇಳಿದಳು. "ರಾಗ ಎಳೀಬೇಡ, ನೆಟ್ಟಗೆ ಓದು" ಎಂದು ಒಮ್ಮೆ ಗದರಿದಳು. ಅವನು ಕೊನೆಯ ಸಾಲುಗಳಿಗೆ ಬಂದ.

ಅಮ್ಮ, ಹೋದೆಯ ಹಾಡಿನೊಂದಿಗೆ
ಬಾಗಿಲಾಚೆಯ ಊರಿಗೆ?

"ಚೆನ್ನಾಗಿದೆ" ಎಂದು ಅಕ್ಕ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಿಲ್ಲಿಸಿದ ಸದ್ದು ಕೇಳಿಸಲಿಲ್ಲ. ಅವನು ಹಿಂದೆಯೇ ಹೋದ.

"ಏನಾಯ್ತೇ?"

"ಏನಿಲ್ಲ. ಅಮ್ಮ ಹಾಡಿದ್ದನ್ನ ನಾನೂ ಒಂದ್ಸಲ ಕೇಳ್ಬೇಕಿತ್ತು ಅನ್ನಿಸ್ತು."

"ಅಂದ್ರೆ?"

"ಅಂದ್ರೆ ಅಮ್ಮ ಹಾಡ್ತಾನೇ ಇರ್ಲಿಲ್ಲ ಕಣೋ ಪೆದ್ದ. ಗಿರಣಿಯಿಂದ ಬರೋಹೊತ್ತಿಗೆ ಅವಳ ಗಂಟಲಲ್ಲಿ ಹತ್ತಿ ಧೂಳೇ ತುಂಬಿರ್ತಿತ್ತು. ಬಂದವಳೇ ಉರುಳಿಕೊಳ್ತಿದ್ದಳು. ಪಾತ್ರೆ ತಿಕ್ಕಿದ್ದೂ ನಾನು, ಹಾಡಿದ್ದೂ ನಾನು."

"ಮತ್ತೆ ಅರ್ಧಕ್ಕೇ ಯಾಕೆ ನಿಲ್ಲಿಸ್ತಿದ್ದೆ?"

"ಅಷ್ಟರಲ್ಲಿ ನಿನ್ನ ಗೊರಕೆ ಶುರುವಾಗಿರ್ತಿತ್ತು. ಮುಂದೆ ಯಾರಿಗೆ ಹಾಡ್ಲಿ, ಸೌಟಿಗಾ?"

ಆ ಕಾಲದಲ್ಲೇ ಅಕ್ಕ ಶಾಲೆ ಬಿಟ್ಟಳೆಂಬುದು ಗರಿಗರಿಗೆ ಗೊತ್ತಿತ್ತು. ಏಕೆಂದು ಅವನು ಕೇಳಿದವನಲ್ಲ, ಆ ದಿನಗಳ ಸುದ್ದಿ ಅವಳು ಎತ್ತಿದವಳಲ್ಲ.

"ತಿದ್ದಿಬಿಡ್ತೀನಿ ಬಿಡು" ಎಂದ.

"ಬೇಡ. ಅಮ್ಮನ ಹೆಸರಲ್ಲೇ ಇರ್ಲಿ. ಪಾಪ, ಹಾಡೋಕೆ ಅವಳಿಗೆ ಪುರುಸೊತ್ತೇ ಸಿಗ್ಲಿಲ್ಲ. ಕವಿತೇಲಾದ್ರೂ ಹಾಡ್ಲಿ." ಹಾಗೆಂದಳು ನಿಜ, ಆದರೆ ಗೋಡೆಯ ಕಡೆ ತಿರುಗಿ ಅಂದಳು.

ವಾರವಿಡೀ ಗರಿಗರಿ ತಲೆ ಕೆಡಿಸಿಕೊಂಡ. ತಿದ್ದುವುದೇನೋ ಸುಲಭ. ಅಮ್ಮನಿಗೂ ಅಕ್ಕನಿಗೂ ನಡುವೆ ಇರುವುದು ಒಂದೇ ಒತ್ತಕ್ಷರದ ದೂರ. ಮಾತ್ರೆಯೂ ಅಷ್ಟೇ, ತಾಳವೂ ತಪ್ಪದು. ಆದರೆ ಅಮ್ಮನನ್ನು ತೆಗೆದರೆ ಸತ್ತವಳ ಕೈಯಿಂದ ಕಸಿದ ಹಾಗೆ, ಬಿಟ್ಟರೆ ಬದುಕಿರುವವಳ ಕೈಯನ್ನು ಬರಿದಾಗಿಸಿದ ಹಾಗೆ. ದಿನವಿಡೀ ಒತ್ತುವ ಮನುಷ್ಯ ಎಲ್ಲಿಗೆ ಒತ್ತು ಕೊಡಬೇಕೆಂದು ತಿಳಿಯದೆ ಒದ್ದಾಡಿದ. ಕೊನೆಗೆ, ತಾನು ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳುವ ಜಾಯಮಾನ ಅಮ್ಮನದಲ್ಲ ಎಂಬುದು ನೆನಪಾಗಿ ಪೆನ್ನು ಎತ್ತಿದ. ಎಲ್ಲ ಕಡೆ ಅಕ್ಕ ಬಂದು ಕೂತಳು, ಕೊನೆಯ ಸಾಲುಗಳಲ್ಲಿ ಮಾತ್ರ ಕೂರಲಿಲ್ಲ. ಅವಳೆಲ್ಲಿ ಹೋಗಿದ್ದಾಳೆ ಊರಿಗೆ? ಇಲ್ಲೇ ಬಟಾಣಿ ಸುಲಿಯುತ್ತಿದ್ದಾಳೆ. ಅವನ್ನು ಹೊಡೆದುಹಾಕಿ ಬೇರೆ ಬರೆದ.

ಅಮ್ಮ ನಿದ್ರಿಸಿದಾಗ ಅವಳಿಗು
ಅದುವೆ ಜೋಗುಳವಾಯಿತು.

ಭಾನುವಾರ ಗರಿಗರಿ ಓದಲು ನಿಂತಾಗ ಅಕ್ಕನೂ ವಾಚನಾಲಯದಲ್ಲಿ ಬಂದು ಕೂತಿದ್ದಳು. "ಅಕ್ಕ ಹಾಡುತ" ಎಂದಾಗ ಕಣ್ಣೆತ್ತಿ ನೋಡುವ ಧೈರ್ಯ ಬರಲಿಲ್ಲ. ಮುಗಿಸಿ ನೋಡಿದರೆ ಅಕ್ಕ ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ಜನ ಎದ್ದು ಹೋಗುವವರೆಗೂ ಹುಡುಕಿದಳು.

ಇಬ್ಬರೂ ವಾಪಸು ನಡೆಯುವಾಗ ಅಕ್ಕ ಬಾಯಿ ಬಿಟ್ಟಳು. "ಇಂಪಾದ ದನಿ ಅಂತ ಬೇರೆ ಬರೆದಿದ್ದೀಯ. ಹಾಡಿನ ಕ್ಲಾಸಲ್ಲಿ ನನ್ನನ್ನ ಹಿಂದಿನ ಸಾಲಿಗೆ ತಳ್ತಿದ್ರು."

"ಹೌದಾ?"

"ಹೂಂ. ಆದ್ರೂ ನಾನು ಶಾಲೆ ಬಿಟ್ಟಾಗ ಅದೇ ಟೀಚರ್ ಮನೆಗೆ ಕರೆಯೋಕೆ ಬಂದಿದ್ರು, ಗೊತ್ತಾ? ನಾನು ಬಾಗಿಲ ಹಿಂದೆ ಅಡಗಿಕೊಂಡೆ. ನೀನು, ಕತ್ತೆ, ಬೆರಳು ತೋರಿಸಿ ‘ಇಲ್ಲಿದ್ದಾಳೆ’ ಅಂದ್ಬಿಟ್ಟೆ!"

"ನಾನಾ? ಆಮೇಲೆ?"

"ಆಮೇಲೇನು, ಟೀಚರೂ ಅತ್ರು, ನಾನೂ ಅತ್ತೆ. ನೀನು ನಗ್ತಿದ್ದೆ. ಆವತ್ತು ಅಮ್ಮ ಬಂದ ಮೇಲೆ…"

ಅವಳ ಮನೆಯ ತಿರುವು ಬಂತು. ಮಾತು ನಿಲ್ಲಲಿಲ್ಲ. ಇಬ್ಬರೂ ತಿರುವು ದಾಟಿ ಮುಂದಕ್ಕೆ ನಡೆದರು.