ಬಾರದ ಅತಿಥಿಯ ಭಾಷಣ

ಮೊಮ್ಮಗಳು ಶಾಲೆಯ ಚಿತ್ರಗಳನ್ನು ಅಂಟಿಸಲು ಮೈದಾಹಿಟ್ಟಿನ ಅಂಟು ಕುದಿಸುತ್ತಿದ್ದಾಳೆ. ಅದರ ಹಸಿ ವಾಸನೆ ಹಜಾರದವರೆಗೆ ಬರುತ್ತಿದೆ. ಹೈಸ್ಕೂಲಿನಲ್ಲಿ ನಮ್ಮ ಗೋಡೆಪತ್ರಿಕೆಯನ್ನು ಇಂಥದೇ ಅಂಟಿನಿಂದ ಅಂಟಿಸುತ್ತಿದ್ದೆವು. ವರದಿ ಬರೆಯುವವಳು ನಾನು. ಅಕ್ಷರ ದುಂಡಗಿತ್ತು, ಹೆಮ್ಮೆ ಅದಕ್ಕಿಂತ ಹೆಚ್ಚಿತ್ತು.

ವಾರ್ಷಿಕೋತ್ಸವದ ವರದಿಯನ್ನು ಎಲ್ಲರಿಗಿಂತ ಮೊದಲು ಕೊಡಬೇಕೆಂದು ಹಿಂದಿನ ದಿನವೇ ಬರೆದಿಟ್ಟೆ: ‘ಮುಖ್ಯ ಅತಿಥಿಗಳ ಭಾಷಣಕ್ಕೆ ಸಭೆ ತಲೆದೂಗಿತು.’ ಬೆಳಿಗ್ಗೆ ಅಂಟಿಸಿಯೂ ಬಿಟ್ಟೆ. ಮಧ್ಯಾಹ್ನದ ಸಭೆಗೆ ಅತಿಥಿಗಳು ಬರಲೇ ಇಲ್ಲ. ಅವರ ವಿಮಾನ ಬೇಗಂಪೇಟೆ ನಿಲ್ದಾಣದಲ್ಲಿ ಇಳಿಯಲಿಲ್ಲವಂತೆ.

“ಆ ಭಾಷಣಾ ನಮಗೂ ಒಂದೀಟು ಕೇಳಸವಾ,” ಎಂದು ಗೆಳತಿಯರು ನಕ್ಕರು.

“ಹರದು ಒಗಿ. ನಾಳೆ ಯಾರು ನೆನಪಿಡ್ತಾರ?” ಎಂದರು ಕನ್ನಡ ಕಲಿಸುವ ಅಕ್ಕೋರು.

ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತರು. ಸಂಜೆ ನಡೆದದ್ದನ್ನೆಲ್ಲ ಹೇಳಿದೆ. ಕೋಟನ್ನು ಗೂಟಕ್ಕೆ ಹಾಕಿ, ಧೋತರದ ಅಂಚಿನಿಂದ ಕನ್ನಡಕ ಒರೆಸಿಕೊಂಡ ಮೇಲೆಯೇ ಅವರ ಮಾತು.

“ನೀ ಕಣ್ಣಾರೆ ನೋಡಿದ್ದೇನು?”

“ಇಲ್ರಿ ಅಪ್ಪಾ.”

“ಮತ್ತ ಹ್ಯಾಂಗ ಬರದಿ?”

ಅಷ್ಟು ಕೇಳಿ ಚಹಾ ಕುಡಿಯತೊಡಗಿದರು.

ಮರುದಿನ ನಾನು ವರದಿಯನ್ನು ಹರಿಯಲಿಲ್ಲ. ಅದರ ಕೆಳಗೆ ಇನ್ನೊಂದು ಹಾಳೆ ಅಂಟಿಸಿದೆ: ‘ಅತಿಥಿಗಳು ಬರಲಿಲ್ಲ. ನೋಡದೆ ಬರೆದವಳು ನಾನು.’ ಕೊನೆಯಲ್ಲಿ ನನ್ನ ಪೂರ್ತಿ ಹೆಸರು ಹಾಕಿದೆ. ವಾರವಿಡೀ ಅದರ ಮುಂದಿನಿಂದಲೇ ತರಗತಿಗೆ ಹೋದೆ, ತಲೆ ತಗ್ಗಿಸಲಿಲ್ಲ. ಆಮೇಲೆ ನಾನು ಬರೆದ ಯಾವ ವರದಿಯನ್ನೂ ಯಾರೂ ಅನುಮಾನಿಸಲಿಲ್ಲ.

“ಅಜ್ಜಿ, ಅಂಟು ಇಷ್ಟು ಗಟ್ಟಿ ಆದ್ರ ಸಾಕೇನು?” ಮೊಮ್ಮಗಳು ಅಡುಗೆಮನೆಯಿಂದ ಕೂಗುತ್ತಿದ್ದಾಳೆ.

“ತಡಿ,” ಎಂದು ಕನ್ನಡಕ ಹುಡುಕುತ್ತೇನೆ. “ಬಂದು ನೋಡಿ ಹೇಳ್ತೀನಿ.”